ಜಹನ್ನಮ್ (ನರಕ) ಶಾಶ್ವತವೇ? ಅಲ್ಲಿಗೆ ಹೋಗುವವರು ಯಾರು?

ಪ್ರಶ್ನೆ: ಹಾವೇರಿ ಮಾಸ್ತರ

ನಾನು ಹಾವೇರಿ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಹೋದ ವರ್ಷ ನಮ್ಮ ತಂದೆ ತೀರಿಕೊಂಡರು. ಸೂತಕದ ದಿನಗಳಲ್ಲಿ ಮನೆಯಲ್ಲಿ ಗರುಡ ಪುರಾಣ ಓದಿಸಿದೆವು. ವೈತರಣಿ ದಾಟುವುದು, ರೌರವ, ಎಣ್ಣೆಯಲ್ಲಿ ಕುದಿಸುವ ಕುಂಭೀಪಾಕ, ಚಿತ್ರಗುಪ್ತನ ಲೆಕ್ಕ ಎಲ್ಲ ಬಂತು. ನನ್ನ ಬಾಲ್ಯದ ಗೆಳೆಯನೊಬ್ಬ ಮುಸಲ್ಮಾನ. ಅಪ್ಪನಿಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಅಷ್ಟೂ ದಿನ ಸಂಜೆ ಅಂಗಡಿ ಮುಚ್ಚಿ ಬಂದು ಪಡಸಾಲೆಯಲ್ಲಿ ಕೂತು ಪುರಾಣ ಕೇಳಿದ. ಕೊನೆಯ ದಿನ ಹೊರಡುವಾಗ "ನಮ್ಮಲ್ಲೂ ದೋಜಖ್ ಇದೆಯಪ್ಪಾ, ಇದಕ್ಕಿಂತ ಬಿರುಸು" ಅಂದ. ಅವನು ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಕುರ್‌ಆನಿನ ಕನ್ನಡ ಅನುವಾದ ತಂದು ಓದಲು ಶುರು ಮಾಡಿದೆ. 4ನೇ ಅಧ್ಯಾಯದ 56ನೇ ವಚನಕ್ಕೆ ಬಂದು ನಿಂತುಬಿಟ್ಟೆ. ಚರ್ಮ ಸುಟ್ಟುಹೋದಾಗಲೆಲ್ಲ ಬೇರೆ ಚರ್ಮ ಕೊಡುತ್ತೇವೆ, ಅವರು ಶಿಕ್ಷೆಯನ್ನು ಸವಿಯುತ್ತಲೇ ಇರಲಿ ಎಂದಿದೆ. ಅದನ್ನು ಓದಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ನರಕದಲ್ಲಿ ಎಷ್ಟೇ ಹಿಂಸೆ ಇದ್ದರೂ ಪಾಪ ಸವೆದ ಮೇಲೆ ಜೀವ ಮತ್ತೆ ಹುಟ್ಟಿ ಬರುತ್ತದೆ. ಇಸ್ಲಾಮಿನಲ್ಲಿ ಹಾಗಿಲ್ಲವೇ? ಒಮ್ಮೆ ಹೋದರೆ ಮುಗಿಯಿತೇ? ಈ ಬೆಂಕಿಯನ್ನು ನಿಜವಾದ ಬೆಂಕಿ ಎಂದೇ ತಿಳಿಯಬೇಕೇ, ಅಥವಾ ಒಳಾರ್ಥ ಏನಾದರೂ ಇದೆಯೇ? ಕೊನೆಯದು ಕೇಳಲು ಸಂಕೋಚ. ನಮ್ಮಪ್ಪ ಮುಸಲ್ಮಾನರಲ್ಲ. ದಿನಾ ಶಿವಪೂಜೆ ಮಾಡಿ, ಊರಿನಲ್ಲಿ ಒಳ್ಳೆಯವರೆನಿಸಿಕೊಂಡು ಬದುಕಿದವರು. ನನ್ನ ಗೆಳೆಯನ ನಂಬಿಕೆಯ ಪ್ರಕಾರ ಅವರು ಈಗ ಎಲ್ಲಿದ್ದಾರೆ? ವಾದ ಮಾಡುವುದಕ್ಕಾಗಿ ಕೇಳುತ್ತಿಲ್ಲ. ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ಉತ್ತರ: ಗದಗಿನ ಆಪಾ

ಮಾಸ್ತರೇ, ನಿಮ್ಮ ತಂದೆಯವರ ಸಂಗತಿ ಓದಿ ಮನಸ್ಸಿಗೆ ನೋವಾಯಿತು. ನಾನು ನದಾಫರ ಮನೆಯವಳು. ಮನೆಮಾತು ಕನ್ನಡ, ನಮಾಜು ಅರಬಿ. ನಮ್ಮ ಓಣಿಯ ಮದರಸಾದಲ್ಲಿ ಸಂಜೆ ಹೊತ್ತು ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಿಸುತ್ತೇನೆ. ನೀವು ಕೇಳಿದ್ದನ್ನೇ ಆ ಮಕ್ಕಳೂ ಕೇಳುತ್ತಾರೆ. ಅವರಿಗೆ ಹೇಳುವ ಹಾಗೆಯೇ ನಿಮಗೂ ಹೇಳುತ್ತೇನೆ.

ವರ್ಣನೆ ಬಿರುಸಾಗಿದೆ, ಅದನ್ನು ನಾನು ಮೆದು ಮಾಡಲಾರೆ. ಜಹನ್ನಮಿಗೆ 7 ಬಾಗಿಲು (ಕುರ್‌ಆನ್ 15:44, ಅಂದರೆ 15ನೇ ಅಧ್ಯಾಯದ 44ನೇ ವಚನ). ಅದರ ತಳದಿಂದ ಬೆಳೆಯುವ ಝಕ್ಕೂಮ್ ಮರದ ಫಲ ತಿಂದರೆ ಹೊಟ್ಟೆಯೊಳಗೆ ಕರಗಿದ ಲೋಹ ಕುದಿದಂತೆ ಕುದಿಯುತ್ತದೆ (44:43-46). ಹಸಿವು ಹಿಂಗಿಸದ, ಮೈಗೂ ಹತ್ತದ ಮುಳ್ಳುಗಿಡ ಊಟಕ್ಕೆ (88:6-7). ಕಾವಲಿಗೆ 19 ದೇವಚರರು (74:30). ಅವರಲ್ಲಿ ಮಾಲಿಕ್ ಎಂಬವನನ್ನು ಕರೆದು ಒಳಗಿನವರು "ನಿನ್ನ ಪ್ರಭು ನಮ್ಮನ್ನು ಒಮ್ಮೆ ಮುಗಿಸಿಬಿಡಲಿ" ಎಂದು ಗೋಗರೆಯುತ್ತಾರೆ. "ನೀವು ಇಲ್ಲೇ ಇರುವವರು" ಎನ್ನುತ್ತಾನೆ ಅವನು (43:77). ನನಗೆ ಎಲ್ಲಕ್ಕಿಂತ ಎದೆ ಝಲ್ಲೆನಿಸುವ ವಚನ ಇದು. ಬೆಂಕಿಯ ಮಾತೇ ಅದರಲ್ಲಿಲ್ಲ, ಆದರೂ.

ಗರುಡ ಪುರಾಣ ಕೇಳಿದವರಿಗೆ ಒಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿ ನರಕಕ್ಕೆ ಯಮನಂಥ ಒಡೆಯ ಇಲ್ಲ. ಮಾಲಿಕ್ ಕೇವಲ ಕಾವಲುಗಾರ. ಶೈತಾನ ನರಕದ ರಾಜ ಅಂತ ಸಿನಿಮಾ ನೋಡಿ ಬಹಳ ಜನ ತಿಳಿದಿದ್ದಾರೆ. ಅವನೂ ಅಲ್ಲಿ ಒಬ್ಬ ಕೈದಿ. ತೀರ್ಪು ಮುಗಿದ ಮೇಲೆ ಅವನು ತನ್ನ ಹಿಂದೆ ಬಂದವರಿಗೆ ಹೇಳುವ ಮಾತು 14:22ರಲ್ಲಿದೆ: ನಿಮ್ಮ ಮೇಲೆ ನನಗೆ ಯಾವ ಅಧಿಕಾರವೂ ಇರಲಿಲ್ಲ, ನಾನು ಕರೆದೆ, ನೀವು ಬಂದಿರಿ, ಈಗ ನನ್ನನ್ನು ಬೈಯಬೇಡಿ, ನಿಮ್ಮನ್ನೇ ಬೈದುಕೊಳ್ಳಿ. ಅಲ್ಲಿಗೆ ಬೇರೆಯವರ ಮೇಲೆ ಹೊರೆ ಹೊರಿಸುವ ಬಾಗಿಲೂ ಮುಚ್ಚಿತು.

ಇನ್ನು ಅಲ್ಲಿಗೆ ಯಾರು ಹೋಗುತ್ತಾರೆ ಎಂಬುದು. ಬೆಂಕಿಯ ವರ್ಣನೆಯಲ್ಲೇ ನಿಂತವರು ಇದನ್ನು ದಾಟಿ ಹೋಗಿಬಿಡುತ್ತಾರೆ, ನನಗೆ ಅದೇ ಬೇಸರ. ನೀವು ಮತ್ತೊಮ್ಮೆ ಪುಸ್ತಕ ತೆರೆದಾಗ ಪ್ರತಿ ಕಡೆಯೂ ಹಿಂದಿನ ನಾಲ್ಕು ವಚನ, ಮುಂದಿನ ನಾಲ್ಕು ವಚನ ಓದಿ ನೋಡಿ. 74ನೇ ಅಧ್ಯಾಯದಲ್ಲಿ ಸ್ವರ್ಗದವರು ನರಕದವರನ್ನು ನೇರವಾಗಿ ಕೇಳುತ್ತಾರೆ, ನಿಮ್ಮನ್ನು ಇಲ್ಲಿಗೆ ತಂದದ್ದೇನು? ಅವರ ಉತ್ತರ: ನಾವು ನಮಾಜು ಮಾಡುತ್ತಿರಲಿಲ್ಲ, ಬಡವನಿಗೆ ಉಣ್ಣಲು ಕೊಡುತ್ತಿರಲಿಲ್ಲ, ಹರಟುವವರ ಜೊತೆ ಸೇರಿ ಹರಟುತ್ತಿದ್ದೆವು, ತೀರ್ಪಿನ ದಿನವನ್ನು ಸುಳ್ಳೆನ್ನುತ್ತಿದ್ದೆವು. ನಮಾಜಿನ ಬೆನ್ನಿಗೇ ಬಡವನ ಊಟ ಬಂದದ್ದನ್ನು ಗಮನಿಸಿ. ಅನಾಥರ ಆಸ್ತಿಯನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಿದ್ದಾರೆ ಎನ್ನುತ್ತದೆ 4:10. 104ನೇ ಅಧ್ಯಾಯ ಪೂರ್ತಿ ಇರುವುದೇ ಚಾಡಿ ಹೇಳುತ್ತ, ಹೀಯಾಳಿಸುತ್ತ, ಹಣ ಕೂಡಿಸಿ ಎಣಿಸುತ್ತ ಕೂತವನ ಮೇಲೆ. ಅವನಿಗೆ ಕಾದಿರುವ ಬೆಂಕಿ ಎದೆಯವರೆಗೂ ಏರುತ್ತದಂತೆ.

83ನೇ ಅಧ್ಯಾಯದ ಮೊದಲ ಮಾತೇ ತೂಕದಲ್ಲಿ ಮೋಸ ಮಾಡುವವರಿಗೆ ಕೇಡು ಎಂಬುದು. ತಾವು ಕೊಳ್ಳುವಾಗ ಪೂರ್ತಿ ಅಳೆಸಿಕೊಳ್ಳುತ್ತಾರೆ, ಬೇರೆಯವರಿಗೆ ಅಳೆದು ಕೊಡುವಾಗ ಕಡಿಮೆ ಮಾಡುತ್ತಾರೆ. ನಮ್ಮಪ್ಪ ಗಾದಿ ಹೊಲಿಯುವವರು. ಹಳೇ ಹತ್ತಿ ಹಿಂಜಿ, ಹೊಸದರ ಜೊತೆ ಬೆರೆಸಿ, ಪೂರ್ತಿ ಹೊಸದರ ದುಡ್ಡು ತೆಗೆದುಕೊಳ್ಳುವುದು ನಮ್ಮ ಕಸುಬಿನಲ್ಲಿ ಬಹಳ ಸುಲಭ. ಹೊಲಿಗೆ ಹಾಕಿದ ಮೇಲೆ ಒಳಗಿನದು ಯಾರಿಗೆ ಕಾಣುತ್ತದೆ? ಅಪ್ಪ ಗಾದಿಯ ಒಂದು ಮೂಲೆ ಹೊಲಿಯದೆ ಬಿಟ್ಟು, ಗಿರಾಕಿ ಬಂದಾಗ ಅಲ್ಲಿಂದ ಹತ್ತಿ ಹಿರಿದು ಅವರ ಅಂಗೈಗೆ ಕೊಟ್ಟು ತೋರಿಸಿ, ಅವರ ಎದುರಿಗೇ ದಬ್ಬಳ ಹಿಡಿದು ಆ ಮೂಲೆ ಮುಚ್ಚುತ್ತಿದ್ದರು. ಓದು ಬರಹ ಬಾರದವರು. ಈ ಅಧ್ಯಾಯವನ್ನು ಜುಮ್ಮಾ ಖುತ್ಬಾದಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಮೌಲಾನಾ ಹೇಳಿದ್ದಷ್ಟೇ ಅವರಿಗೆ ಗೊತ್ತಿದ್ದದ್ದು. ನರಕದ ಭಯ ಎಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಆ ಹೊಲಿಯದೆ ಬಿಟ್ಟ ಮೂಲೆ ನೆನಪಾಗುತ್ತದೆ.

ಹದೀಸಿಗೆ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳಿಗೆ ಬಂದರೆ, ಬೆಕ್ಕನ್ನು ಕಟ್ಟಿಹಾಕಿ, ಉಣ್ಣಲೂ ಕೊಡದೆ, ಹುಳಹುಪ್ಪಟೆ ತಿನ್ನಲು ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದಳು ಎಂದಿದ್ದಾರೆ ಪ್ರವಾದಿ ಮುಹಮ್ಮದರು (ಸ, ಅಂದರೆ ಅವರ ಮೇಲೆ ಶಾಂತಿ ಇರಲಿ). ಬಾವಿಯ ದಂಡೆಯಲ್ಲಿ ಬಾಯಾರಿ ಸಾಯುತ್ತಿದ್ದ ನಾಯಿಗೆ ತನ್ನ ಪಾದರಕ್ಷೆಯಲ್ಲಿ ನೀರು ಸೇದಿ ಕುಡಿಸಿದ ವೇಶ್ಯೆಗೆ ಕ್ಷಮೆ ಸಿಕ್ಕಿತು ಎಂದೂ ಹೇಳಿದ್ದಾರೆ. ಎರಡೂ ಬುಖಾರಿ, ಮುಸ್ಲಿಮ್ ಎರಡು ಸಂಗ್ರಹಗಳಲ್ಲೂ ಇವೆ. ಇನ್ನೊಂದು ಮುಸ್ಲಿಮಿನಲ್ಲಿದೆ. "ದಿವಾಳಿ ಯಾರು ಗೊತ್ತೇ?" ಎಂದು ಪ್ರವಾದಿ(ಸ) ಕೇಳಿದರು. ಕೈಯಲ್ಲಿ ಕಾಸಿಲ್ಲದವನು ಅಂದರು ಜೊತೆಗಿದ್ದವರು. ಅದಕ್ಕೆ ಪ್ರವಾದಿ(ಸ) ಹೇಳಿದ್ದು: ನಮಾಜು, ರೋಜಾ, ಜಕಾತ್ ಎಲ್ಲ ಹೊತ್ತು ತಂದವನು, ಆದರೆ ಒಬ್ಬನನ್ನು ಬೈದು, ಒಬ್ಬನ ಮೇಲೆ ಅಪವಾದ ಹೊರಿಸಿ, ಒಬ್ಬನ ದುಡ್ಡು ತಿಂದು, ಒಬ್ಬನನ್ನು ಹೊಡೆದು ಬಂದವನು. ಅವನ ಪುಣ್ಯವನ್ನು ಅವರಿಗೆಲ್ಲ ಹಂಚಲಾಗುತ್ತದೆ. ಪುಣ್ಯ ತೀರಿದರೆ ಅವರ ಪಾಪ ತಂದು ಇವನ ಮೇಲೆ ಹೇರಿ ಬೆಂಕಿಗೆ ಹಾಕಲಾಗುತ್ತದೆ.

ಶಾಶ್ವತವೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸುಲಭ. ಅಲ್ಲಾಹನನ್ನು ನಂಬಿಯೂ ದೊಡ್ಡ ಪಾಪ ಮಾಡಿದವನು ಶಿಕ್ಷೆ ಅನುಭವಿಸಿ ಹೊರಗೆ ಬರುತ್ತಾನೆ. ಸಾಸಿವೆ ಕಾಳಿನಷ್ಟು ಈಮಾನ್ (ನಂಬಿಕೆ) ಇದ್ದವನನ್ನೂ ಹೊರತೆಗೆಯಲಾಗುವುದು ಎಂಬುದು ಹದೀಸು. ಹಳೇ ಕಾಲದಲ್ಲಿ ಖಾರಿಜಿಗಳು, ಮುಅ್ತಝಿಲಾಗಳು ಎಂಬ ಪಂಥದವರು ಇದನ್ನು ಒಪ್ಪಲಿಲ್ಲ, ದೊಡ್ಡ ಪಾಪಿ ಒಳಗೇ ಇರಬೇಕು ಎಂದರು. ಸುನ್ನೀ ಪರಂಪರೆ ಆ ಮಾತನ್ನು ತಳ್ಳಿಹಾಕಿತು.

ಎಲ್ಲರಿಗಿಂತ ಕೊನೆಗೆ ಹೊರಬರುವವನ ಕಥೆ ನನ್ನ ಮಕ್ಕಳಿಗೆ ಬಲು ಇಷ್ಟ. ಮುಖ ಬೆಂಕಿಯ ಕಡೆಗೇ ಇರುತ್ತದೆ. "ಇದರ ಗಾಳಿ ನನ್ನನ್ನು ಕೊಲ್ಲುತ್ತಿದೆ, ಮುಖವೊಂದನ್ನು ಆಚೆ ತಿರುಗಿಸು, ಮತ್ತೇನೂ ಕೇಳುವುದಿಲ್ಲ" ಎಂದು ಮಾತು ಕೊಡುತ್ತಾನೆ. ತಿರುಗಿಸಲಾಗುತ್ತದೆ. ಈಗ ಸ್ವರ್ಗ ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲ ತನಕ ಬಿಡು ಎನ್ನುತ್ತಾನೆ. ಮಾತು ಕೊಟ್ಟಿದ್ದೆಯಲ್ಲ ಎಂದರೆ, ನಿನ್ನ ಸೃಷ್ಟಿಯಲ್ಲಿ ನಾನೇ ಎಲ್ಲರಿಗಿಂತ ನತದೃಷ್ಟನಾಗಬೇಕೇ ಎಂದು ಅಂಗಲಾಚುತ್ತಾನೆ. ಬಾಗಿಲಿಗೆ ಬಂದ ಮೇಲೆ ಒಳಗೆ ಬಿಡು ಎನ್ನುತ್ತಾನೆ. ಕೊನೆಗೆ ಅಲ್ಲಾಹನು ನಕ್ಕು ಅವನನ್ನು ಒಳಗೆ ಬಿಡುತ್ತಾನೆ, ಕೇಳಿದ್ದರ ಹತ್ತು ಪಟ್ಟು ಕೊಡುತ್ತಾನೆ. ಇದೂ ಬುಖಾರಿಯಲ್ಲಿದೆ.

ಉಳಿದ ಅರ್ಧ ಕಷ್ಟದ್ದು. ಸತ್ಯವನ್ನು ತಿಳಿದೂ ನಿರಾಕರಿಸಿದವರಿಗೆ ಅದು ಶಾಶ್ವತ ಎನ್ನುವುದೇ ಬಹುಪಾಲು ಉಲಮಾಗಳ (ಧರ್ಮ ವಿದ್ವಾಂಸರ) ಮಾತು. ಆದರೆ ದಮಾಸ್ಕಸ್ಸಿನ ಇಬ್ನ್ ತೈಮಿಯ್ಯಾ (ನಿಧನ 1328) ಮತ್ತು ಅವರ ಶಿಷ್ಯ ಇಬ್ನುಲ್ ಕಯ್ಯಿಮ್ (ನಿಧನ 1350) ನರಕಕ್ಕೂ ಒಂದು ಕೊನೆ ಇರಬಹುದು ಎಂದು ವಾದಿಸಿದರು. ಆಧಾರಗಳಲ್ಲೊಂದು 11ನೇ ಅಧ್ಯಾಯದಲ್ಲೇ ಇದೆ. 107ನೇ ವಚನ ನರಕದವರ ಬಗ್ಗೆ: ಆಕಾಶ ಭೂಮಿ ಇರುವಷ್ಟು ಕಾಲ ಅದರಲ್ಲಿರುವರು, ನಿನ್ನ ಪ್ರಭು ಬಯಸಿದ್ದರ ಹೊರತು, ಅವನು ತಾನು ಬಯಸಿದ್ದನ್ನು ಮಾಡುವವನು. 108ನೇದು ಸ್ವರ್ಗದವರ ಬಗ್ಗೆ: ಅದೇ ಮಾತು, ಅದೇ ಹೊರತು, ಆದರೆ ಕೊನೆಯಲ್ಲಿ "ಎಂದೂ ನಿಲ್ಲದ ಕೊಡುಗೆ" ಎಂಬ ಭರವಸೆ. ಸ್ವರ್ಗಕ್ಕೆ ಕೊಟ್ಟ ಈ ಭರವಸೆಯನ್ನು ನರಕದ ವಿಷಯದಲ್ಲಿ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು. "ನನ್ನ ಕೋಪವನ್ನು ನನ್ನ ಕರುಣೆ ಮೀರಿದೆ" ಎಂಬ ದೇವವಾಣಿಯನ್ನು ಅದರ ಪಕ್ಕದಲ್ಲಿಟ್ಟರು.

ನಿಮ್ಮ ತಂದೆಯವರ ಪ್ರಶ್ನೆಗೆ ಬೇರೆಯಾಗಿಯೇ ಬರೆಯುತ್ತೇನೆ. ಮಗ್ರಿಬ್ ಹೊತ್ತಾಯಿತು, ಮಕ್ಕಳು ಬರುತ್ತಾರೆ.

ಉತ್ತರ: ಕರಾವಳಿ ತಂಗಾಳಿ

ಆಪಾ ಚೆನ್ನಾಗಿ ಬರೆದಿದ್ದಾರೆ, ಒಂದು ಕಡೆ ಮಾತ್ರ ನನ್ನ ಆಕ್ಷೇಪ ಉಂಟು. ನಾನು ಮಂಗಳೂರು ಕಡೆಯವ, ದರ್ಸಿನಲ್ಲಿ (ಧಾರ್ಮಿಕ ಪಾಠದಲ್ಲಿ) ಕೆಲವು ವರ್ಷ ಓದಿದವ. ಇಬ್ನುಲ್ ಕಯ್ಯಿಮರ ಮಾತನ್ನು ಓದಿದವರು ಇಸ್ಲಾಮಿನಲ್ಲಿ ಇದು ಅರ್ಧಕ್ಕರ್ಧ ಭಿನ್ನಾಭಿಪ್ರಾಯ ಇರುವ ವಿಷಯ ಎಂದು ತಿಳಿಯಬಾರದು. ಅದೇ ಕಾಲದ, ಅದೇ ಊರಿನ ಶಾಫಿಈ ಪಂಥದ ದೊಡ್ಡ ವಿದ್ವಾಂಸ ತಕಿಯುದ್ದೀನ್ ಸುಬ್ಕಿ ಸ್ವರ್ಗ ನರಕ ಎರಡೂ ಶಾಶ್ವತ ಎಂದು ಇದಕ್ಕೆ ಪ್ರತ್ಯೇಕ ಖಂಡನೆಯನ್ನೇ ಬರೆದರು. ನಮ್ಮ ಉಸ್ತಾದರುಗಳು ಕಲಿಸಿದ್ದು ಸುಬ್ಕಿಯವರ ಪಕ್ಷವನ್ನು. 4:169, 33:65, 72:23 ಈ ಮೂರು ಕಡೆ "ಅದರಲ್ಲಿ ಎಂದೆಂದಿಗೂ" ಎಂದು ಸ್ಪಷ್ಟವಾಗಿ ಉಂಟು. ಮರಣವನ್ನೇ ಒಂದು ಟಗರಿನ ರೂಪದಲ್ಲಿ ತಂದು, ಸ್ವರ್ಗ ನರಕಗಳ ನಡುವೆ ಕೊಯ್ದು, "ಇನ್ನು ಸಾವಿಲ್ಲ" ಎಂದು ಎರಡೂ ಕಡೆಯವರಿಗೆ ಸಾರಲಾಗುವುದೆಂಬ ಹದೀಸ್ ಬುಖಾರಿ, ಮುಸ್ಲಿಮಿನಲ್ಲಿದೆ.

ಇನ್ನು ಬೆಂಕಿ ನಿಜವೋ ಎಂದರೆ ನಿಜವೇ. ಈ ಲೋಕದ ಬೆಂಕಿ ಅದರ 70 ಪಾಲಿನಲ್ಲಿ ಒಂದು ಪಾಲು ಎಂದು ಪ್ರವಾದಿ(ಸ) ಹೇಳಿದ್ದಾರೆ. ಕೇಳುವವರಿಗೆ ಕಷ್ಟವಾಗುತ್ತದೆಂದು ನಾವು ಅದನ್ನು ರೂಪಕ ಮಾಡಿ ಕೊಟ್ಟರೆ ನಂಬಿಕೆಗೂ ಮೋಸ, ಕೇಳಿದ ಮಾಸ್ತರರಿಗೂ ಮೋಸ.

ಉತ್ತರ: ಮೈಸೂರು ಓದುಗ

ರೂಪಕವೆಂದು ಓದಿದವರು ಇಲ್ಲವೆಂದಲ್ಲ. ಕವಿ ಮುಹಮ್ಮದ್ ಇಕ್ಬಾಲ್ 1929ರ ಜನವರಿಯಲ್ಲಿ ಉಪನ್ಯಾಸಗಳಿಗೆಂದು ಮದ್ರಾಸಿಗೆ ಬಂದವರು ಬೆಂಗಳೂರು, ಮೈಸೂರಿಗೂ ಬಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಗೂ ಹೋಗಿದ್ದರು. 1930ರಲ್ಲಿ ಅಚ್ಚಾದ ಆ ಉಪನ್ಯಾಸ ಮಾಲೆಯಲ್ಲಿ ಸ್ವರ್ಗ ನರಕಗಳು ಸ್ಥಳಗಳಲ್ಲ, ಮನುಷ್ಯನ ಸ್ಥಿತಿಗಳು ಎನ್ನುತ್ತಾರೆ. ನರಕವೆಂದರೆ ಸೇಡಿನ ದೇವರು ತೋಡಿದ ಕೊನೆಯಿಲ್ಲದ ಹಿಂಸೆಯ ಗುಂಡಿಯಲ್ಲ, ಕಲ್ಲಾದ ಜೀವವನ್ನು ದೇವರ ಕರುಣೆಗೆ ಮತ್ತೆ ತೆರೆದುಕೊಳ್ಳುವಂತೆ ಮಾಡುವ ತಿದ್ದುವಿಕೆ ಎಂಬುದು ಅವರ ನಿಲುವು. ಅಲ್ಲಾಹನ ಬೆಂಕಿ ಎದೆಯವರೆಗೆ ಏರುತ್ತದೆ ಎಂದು ಆಪಾ ಹೇಳಿದ ಆ 104ನೇ ಅಧ್ಯಾಯವನ್ನೇ ಅವರು ಆಧಾರವಾಗಿ ಹಿಡಿದದ್ದು.

ಉತ್ತರ: ಉಡುಪಿ ರಥಬೀದಿ

ಮಾಸ್ತರರ ಪ್ರಶ್ನೆಯಲ್ಲಿ "ನಮ್ಮ ನರಕ ತಾತ್ಕಾಲಿಕ" ಎಂದಿದೆ. ಎಲ್ಲ ಸಂಪ್ರದಾಯಕ್ಕೂ ಆ ಮಾತು ಹೊಂದುವುದಿಲ್ಲ. 13ನೇ ಶತಮಾನದಲ್ಲಿ ನಮ್ಮೂರಿನ ಮಧ್ವಾಚಾರ್ಯರು ಜೀವರಲ್ಲಿ ಮೂರು ಬಗೆ ಹೇಳಿದರು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಕೊನೆಯವರು ಸೇರುವ ಅಂಧಂತಮಸ್ಸಿನಿಂದ ಮರಳುವಿಕೆ ಇಲ್ಲ. ಉಳಿದ ವೇದಾಂತಿಗಳು ಇದನ್ನು ಒಪ್ಪಿಲ್ಲ. ಆದರೆ ಶಾಶ್ವತ ನರಕದ ಪ್ರಶ್ನೆ ಹೊರಗಿನವರದ್ದು ಮಾತ್ರವೆಂದು ತಿಳಿಯುವ ಹಾಗಿಲ್ಲ. ಮಧ್ವರೂ ಇಬ್ನ್ ತೈಮಿಯ್ಯಾ ಅವರೂ ಹೆಚ್ಚು ಕಡಿಮೆ ಒಂದೇ ಕಾಲದವರು. ಒಬ್ಬರು ಅದನ್ನು ಗಟ್ಟಿ ಮಾಡಿದರು, ಇನ್ನೊಬ್ಬರು ಸಡಿಲ ಮಾಡಲು ನೋಡಿದರು. ನನಗೆ ಇದು ಬಹಳ ವಿಚಾರ ಮಾಡಬೇಕಾದ ಸಂಗತಿಯಾಗಿ ಕಾಣುತ್ತದೆ.

ಹಾವೇರಿ ಮಾಸ್ತರ

ಎಲ್ಲರಿಗೂ ಕೃತಜ್ಞತೆ. ಉಡುಪಿಯವರು ಹೇಳಿದ್ದು ನನಗೆ ಹೊಸದು. ಆಪಾ, 74ನೇ ಅಧ್ಯಾಯ ನಿನ್ನೆ ರಾತ್ರಿ ಓದಿದೆ. ಬಡವನಿಗೆ ಉಣಿಸಲಿಲ್ಲ ಎಂಬ ಮಾತು 69ನೇ ಅಧ್ಯಾಯದಲ್ಲೂ ಸಿಕ್ಕಿತು, ಸಂಕೋಲೆ ಬಿಗಿಯಿರಿ ಎಂದ ಕೂಡಲೇ ಬರುತ್ತದೆ. ಆದರೆ 4:48 ಕೂಡ ಓದಿದೆ. ಅಲ್ಲಾಹನ ಜೊತೆ ಬೇರೆಯವರನ್ನು ಸೇರಿಸಿ ಪೂಜಿಸುವುದನ್ನು ಕ್ಷಮಿಸುವುದಿಲ್ಲ ಎಂದಿದೆ. ಹಾಗಾದರೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತಲ್ಲವೇ? ನೇರವಾಗಿ ಹೇಳಿ, ನನಗೆ ಬೇಸರವಿಲ್ಲ.

ಉತ್ತರ: ಗದಗಿನ ಆಪಾ

ಮಾಸ್ತರೇ, ಆ ವಚನವನ್ನು ನಾನು ಮರೆಮಾಚುವುದಿಲ್ಲ. ನಮ್ಮ ದೀನಿನಲ್ಲಿ (ಧರ್ಮದಲ್ಲಿ) ಶಿರ್ಕ್, ಅಂದರೆ ಅಲ್ಲಾಹನ ಜೊತೆ ಬೇರೆಯವರನ್ನು ಸೇರಿಸುವುದು, ಎಲ್ಲಕ್ಕಿಂತ ದೊಡ್ಡ ಪಾಪ. ಕರಾವಳಿಯ ತಮ್ಮ ಹೇಳಿದ ಹಾಗೆ ಸಿಹಿಮಾತು ಆಡಿ ನಿಮಗೆ ಮೋಸ ಮಾಡುವುದು ನನ್ನಿಂದಾಗದು. ಆದರೆ "ಈ ಕೆಲಸಕ್ಕೆ ಈ ಶಿಕ್ಷೆ" ಎಂದು ಹೇಳುವುದೇ ಬೇರೆ, "ಈ ಮನುಷ್ಯ ನರಕದಲ್ಲಿದ್ದಾನೆ" ಎಂದು ಬೆರಳು ತೋರಿಸುವುದೇ ಬೇರೆ. ಎರಡನೆಯದಕ್ಕೆ ನಮಗ್ಯಾರಿಗೂ ಅಧಿಕಾರ ಕೊಟ್ಟಿಲ್ಲ. ಒಬ್ಬ ಮನುಷ್ಯ "ಅಲ್ಲಾಹನಾಣೆ, ಅಲ್ಲಾಹನು ಇಂಥವನನ್ನು ಕ್ಷಮಿಸುವುದಿಲ್ಲ" ಅಂದನಂತೆ. ಅಲ್ಲಾಹನು, ನಾನು ಕ್ಷಮಿಸುವುದಿಲ್ಲವೆಂದು ನನ್ನ ಹೆಸರಲ್ಲಿ ಆಣೆ ಇಡಲು ಇವನ್ಯಾರು, ಅವನನ್ನು ಕ್ಷಮಿಸಿದೆ, ನಿನ್ನ ಕರ್ಮಗಳನ್ನು ಅಳಿಸಿದೆ ಎಂದನಂತೆ. ಈ ಹದೀಸು ಮುಸ್ಲಿಮಿನಲ್ಲಿದೆ. ಮದರಸಾದಲ್ಲಿ ಒಂದು ಹುಡುಗಿ ತನ್ನ ಶಾಲೆಯ ಗೆಳತಿಗೆ ನೀನು ದೋಜಖಿಗೆ ಹೋಗುತ್ತೀ ಎಂದು ಹೇಳಿ ಬಂದಳು. ಅವತ್ತು ಪಾಠ ನಿಲ್ಲಿಸಿ ಇದೊಂದನ್ನೇ ಹೇಳಿಕೊಟ್ಟೆ. ಮರುದಿನ ಆ ಹುಡುಗಿ ಗೆಳತಿಯ ಮನೆಗೆ ಹೋಗಿ ತಪ್ಪಾಯಿತು ಅಂದು ಬಂದಳು. ಮಕ್ಕಳ ಬಾಯಲ್ಲಿ ಆ ಮಾತು ಬರುವಂತೆ ಕಲಿಸುವವರ ಮೇಲೆ ನನಗೆ ಸಿಟ್ಟಿದೆ.

ಹಳಬರು ಈ ಪ್ರಶ್ನೆಗೆ ಬೆನ್ನು ತಿರುಗಿಸಿದವರಲ್ಲ. "ದೂತನನ್ನು ಕಳಿಸುವವರೆಗೆ ನಾವು ಶಿಕ್ಷಿಸುವವರಲ್ಲ" ಎಂದು 17:15ರಲ್ಲಿದೆ. ಇದನ್ನು ಹಿಡಿದು ಇಮಾಮ್ ಗಝಾಲಿ (1058-1111) ಮುಸಲ್ಮಾನರಲ್ಲದವರನ್ನು ಮೂರು ಬಗೆಯಾಗಿ ನೋಡಿದರು. ಪ್ರವಾದಿಯ(ಸ) ಹೆಸರೇ ಕಿವಿಗೆ ಬೀಳದವರು ಮೊದಲನೆಯವರು. ಅವರ ನಡತೆ, ಗುಣ, ಪವಾಡ ಎಲ್ಲ ಸರಿಯಾಗಿ ತಿಳಿದೂ ಹಟ ಹಿಡಿದು ತಳ್ಳಿದವರು ಇನ್ನೊಂದು ಬಗೆ. ಇವರಿಬ್ಬರ ನಡುವೆ, ಹೆಸರು ಕೇಳಿದ್ದಾರೆ ಆದರೆ ಚಿಕ್ಕಂದಿನಿಂದ ಆ ಬಗ್ಗೆ ಕೆಟ್ಟದ್ದು, ಸುಳ್ಳು ಮಾತ್ರ ಕೇಳಿ ಬೆಳೆದವರು. ಇವರು ನನ್ನ ದೃಷ್ಟಿಯಲ್ಲಿ ಮೊದಲನೆಯವರ ಹಾಗೆಯೇ, ಹುಡುಕಬೇಕೆಂಬ ಮನಸ್ಸು ಹುಟ್ಟಿಸುವಂಥದ್ದು ಇವರಿಗೆ ತಲುಪಿಯೇ ಇಲ್ಲ ಎನ್ನುತ್ತಾರೆ ಗಝಾಲಿ. ತಮ್ಮ ಕಾಲದ ರೋಮನ್ ಕ್ರೈಸ್ತರು, ತುರ್ಕರಲ್ಲಿ ಹೆಚ್ಚಿನವರನ್ನು ದೇವರ ಕರುಣೆ ಒಳಗೊಳ್ಳುತ್ತದೆ ಎಂಬ ಆಸೆಯನ್ನು ಅವರು ಬರೆದೇ ಇಟ್ಟಿದ್ದಾರೆ. ಶಿಲುಬೆಯ ಯುದ್ಧಗಳು ನಡೆಯುತ್ತಿದ್ದ ಕಾಲದಲ್ಲಿ ಬದುಕಿದ್ದ ಮನುಷ್ಯ ಅವರು, ಬಾಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದಲ್ಲಿ ಪಾಠ ಹೇಳಿದವರು.

ನಿಮ್ಮ ತಂದೆಯವರಿಗೆ ಇಸ್ಲಾಮ್ ಯಾವ ರೂಪದಲ್ಲಿ, ಯಾರ ಬಾಯಿಂದ, ಯಾವ ನಡತೆಯಿಂದ ಮುಟ್ಟಿತೋ ನನಗೇನು ಗೊತ್ತು? ಅವರ ಎದೆಯಲ್ಲಿ ಏನಿತ್ತು ಎಂದು ನಿಮ್ಮ ಗೆಳೆಯನಿಗಾದರೂ ಏನು ಗೊತ್ತು? ಪ್ರವಾದಿ(ಸ) ಒಂದು ಇಡೀ ರಾತ್ರಿ ಬೆಳಗಾಗುವ ತನಕ ನಮಾಜಿನಲ್ಲಿ ಒಂದೇ ವಚನವನ್ನು ಮತ್ತೆ ಮತ್ತೆ ಓದುತ್ತ ನಿಂತಿದ್ದರು ಎಂದು ಅವರ ಸಂಗಾತಿ ಅಬೂ ದರ್ರ್ ಹೇಳಿದ್ದು ನಸಾಈ, ಇಬ್ನ್ ಮಾಜಾ ಎಂಬ ಹದೀಸ್ ಸಂಗ್ರಹಗಳಲ್ಲಿ ಬಂದಿದೆ. ಅದು 5:118. ತನ್ನನ್ನೂ ತನ್ನ ತಾಯಿಯನ್ನೂ ದೇವರೆಂದು ಪೂಜಿಸಿದವರ ಬಗ್ಗೆ ವಿಚಾರಣೆಯ ದಿನ ಈಸಾ (ಯೇಸು) ಹೇಳುವ ಮಾತು: ನೀನು ಅವರನ್ನು ಶಿಕ್ಷಿಸಿದರೆ ಅವರು ನಿನ್ನ ದಾಸರು, ನೀನು ಅವರನ್ನು ಕ್ಷಮಿಸಿದರೆ ನೀನು ಪ್ರಬಲನೂ ವಿವೇಕಿಯೂ ಆಗಿರುವೆ. ತೀರ್ಪನ್ನು ಪೂರ್ತಿ ಅವನ ಕೈಯಲ್ಲೇ ಬಿಟ್ಟು, ಕ್ಷಮೆಯ ಮಾತನ್ನೂ ಅವನ ಎದುರಿಗೇ ಇಟ್ಟ ಆ ವಚನವನ್ನು ದಾಟಿ ಮುಂದೆ ಹೇಳಲು ನನಗೆ ನಾಲಿಗೆಯಿಲ್ಲ. ನನಗೆ ಅಷ್ಟೇ ಸಾಕು.

ಇಕ್ಬಾಲರ ಮಾತು ಮೈಸೂರಿನವರು ನೆನಪಿಸಿದ್ದು ಒಳ್ಳೆಯದಾಯಿತು. ನಾನು ಅಷ್ಟು ದೂರ ಹೋಗುವವಳಲ್ಲ. ಬೆಂಕಿ ಬೆಂಕಿಯೇ ಎಂದು ನಂಬುತ್ತೇನೆ, ಪ್ರತಿ ನಮಾಜಿನಲ್ಲೂ "ನಮ್ಮನ್ನು ಬೆಂಕಿಯ ಶಿಕ್ಷೆಯಿಂದ ಕಾಪಾಡು" ಎಂದು ಬೇಡುತ್ತೇನೆ. ಬರೀ ಭಯ ಕಲಿಸಿದರೆ ಮಕ್ಕಳು ಅಲ್ಲಾಹನಿಂದ ಓಡುತ್ತಾರೆ. ಅದಕ್ಕೇ ಝಕ್ಕೂಮಿನ ಪಾಠ ಮಾಡುವ ದಿನ 39:53 ಬಾಯಿಪಾಠ ಮಾಡಿಸದೆ ಮನೆಗೆ ಕಳಿಸುವುದಿಲ್ಲ: ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡ ನನ್ನ ದಾಸರೇ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ.

ನಿಮ್ಮ ಗೆಳೆಯ "ಇದಕ್ಕಿಂತ ಬಿರುಸು" ಅಂದದ್ದು ನಿಮ್ಮ ತಂದೆಯ ಬಗ್ಗೆ ಇರಲಾರದು ಎಂದು ನನ್ನ ಊಹೆ. ಸಾವಿನ ಮನೆಯಲ್ಲಿ ಕೂತವನಿಗೆ ತನ್ನ ಲೆಕ್ಕವೇ ಕಣ್ಣಮುಂದೆ ಬರುತ್ತದೆ. ಅವನನ್ನೇ ಕೇಳಿ.

ಹಾವೇರಿ ಮಾಸ್ತರ

ಕೇಳಿದೆ, ಆಪಾ. ನಿನ್ನೆ ಸಂಜೆ ಅವನ ಅಂಗಡಿಗೇ ಹೋಗಿದ್ದೆ. ಆಗ ಅವನ ತಲೆಯಲ್ಲಿ ಇದ್ದದ್ದು ಅಪ್ಪನಿಂದ ತಾನು ಕೈಗಡ ತೆಗೆದುಕೊಂಡಿದ್ದ ದುಡ್ಡಂತೆ. ನನಗೆ ಗೊತ್ತೇ ಇರಲಿಲ್ಲ, ಅಪ್ಪ ಎಲ್ಲೂ ಬರೆದಿಟ್ಟಿರಲಿಲ್ಲ. ಬೇಡ ಎಂದರೂ ಕೇಳದೆ ಎಣಿಸಿ ಕೊಟ್ಟ. "ನೀನು ಮಾಫ್ ಮಾಡಿದೆ ಅಂತ ಬಾಯಿಬಿಟ್ಟು ಹೇಳು, ಇಲ್ಲಾ ದುಡ್ಡು ತಗೋ, ಎರಡರಲ್ಲಿ ಒಂದು ಆಗಲೇಬೇಕು" ಅಂದ. ಸಾಲದ ವಿಷಯದಲ್ಲಿ ಇಷ್ಟೊಂದು ಕಟ್ಟುನಿಟ್ಟು ಯಾಕೆ? ಸತ್ತವರಿಗೆ ಕೊಡಬೇಕಾದ್ದು ಸತ್ತ ಮೇಲೂ ಉಳಿಯುತ್ತದೆಯೇ?

ಉತ್ತರ: ಗದಗಿನ ಆಪಾ

ಉಳಿಯುತ್ತದೆ, ವಾರಸುದಾರರಿಗೆ ಸಲ್ಲಬೇಕು. ನಿಮ್ಮ ಗೆಳೆಯ ಮಾಡಿದ್ದು ಸರಿ. ನಾನು ಮೊದಲು ಬರೆದ ದಿವಾಳಿಯ ಹದೀಸಿನ ಭಯ ಅದು. ನಮಾಜು ಬಿಟ್ಟದ್ದಕ್ಕೆ ಅಲ್ಲಾಹನನ್ನು ಬೇಡಿಕೊಳ್ಳಬಹುದು. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯನೇ ಬಿಡಬೇಕು, ಅವನು ಮುಸಲ್ಮಾನನೇ ಇರಲಿ, ಅಲ್ಲದಿರಲಿ.

ನಮ್ಮಪ್ಪನ ಮಯ್ಯತ್ (ಶವ) ಎತ್ತುವ ಮುಂಚೆ ನಮ್ಮಣ್ಣ ಅಂಗಳದಲ್ಲಿ ನಿಂತು, "ನಮ್ಮಪ್ಪ ಯಾರಿಗಾದರೂ ಬಾಕಿ ಕೊಡುವುದಿದ್ದರೆ ಹೇಳಿ, ನಾನು ಕೊಡುತ್ತೇನೆ, ಯಾರ ಮನಸ್ಸಾದರೂ ನೋಯಿಸಿದ್ದರೆ ಮಾಫ್ ಮಾಡಿ" ಎಂದು ಕೇಳಿದ. ನಾವು ಹೆಂಗಸರು ಬಾಗಿಲೊಳಗೆ ನಿಂತು ಕೇಳುತ್ತಿದ್ದೆವು. ಅರಳೆ ವ್ಯಾಪಾರದ ಲಿಂಗಾಯತ ಯಜಮಾನರೊಬ್ಬರು ಮುಂದೆ ಬಂದು ಒಂದು ಅಂಡಿಗೆ ಹತ್ತಿಯ ಬಾಕಿ ಇದೆ, ಆದರೆ ಅದನ್ನು ಬಿಟ್ಟೆ ಅಂದರು. ಅಣ್ಣ ಒಪ್ಪಲಿಲ್ಲ. ಅಲ್ಲೇ ಹಿರಿಯರ ಎದುರಿಗೆ ಆ ಬಾಕಿಯನ್ನು ತನ್ನ ಹೆಸರಿಗೆ ಹಚ್ಚಿಕೊಂಡು, ಸುಗ್ಗಿ ಮುಗಿದ ಮೇಲೆ ತೀರಿಸಿದ.

ಉತ್ತರ: ಕರಾವಳಿ ತಂಗಾಳಿ

ಇದಕ್ಕೆ ಆಧಾರ ಸೇರಿಸುತ್ತೇನೆ. ಪ್ರವಾದಿಯವರ(ಸ) ಮುಂದೆ ಒಂದು ಜನಾಝಾ (ಅಂತ್ಯ ನಮಾಜಿಗೆ ಶವ) ತಂದರು. ಸಾಲ ಉಂಟೇ ಎಂದು ಕೇಳಿದರು. ಉಂಟು ಎಂದು ಗೊತ್ತಾದಾಗ ನಿಮ್ಮ ಸಂಗಾತಿಗೆ ನೀವೇ ನಮಾಜು ಮಾಡಿಕೊಳ್ಳಿ ಎಂದರು. ಅಬೂ ಕತಾದಾ ಎಂಬವರು ಸಾಲ ನನ್ನ ಮೇಲೆ ಎಂದಾಗ ಮಾತ್ರ ಮುಂದೆ ನಿಂತು ನಮಾಜು ಮಾಡಿದರು. ಇದು ಬುಖಾರಿಯಲ್ಲಿರುವುದು. ಇಮಾಮ್ ಅಹ್ಮದರ ಸಂಗ್ರಹದಲ್ಲಿ ಸಾಲ 2 ದೀನಾರ್ ಎಂದಿದೆ. ಆ 2 ದೀನಾರ್ ಏನಾಯಿತೆಂದು ಪ್ರವಾದಿ(ಸ) ಮತ್ತೆ ವಿಚಾರಿಸಿದರು, ತೀರಿಸಿದೆ ಎಂದಾಗ "ಈಗ ಅವನ ಚರ್ಮ ತಣ್ಣಗಾಯಿತು" ಎಂದರು. ಸಾಲಗಾರ ಇದ್ದದ್ದು ಪ್ರವಾದಿಯವರ(ಸ) ಸಂಗಡವೇ ಬದುಕಿದ ಮುಸಲ್ಮಾನ.

ಕುರ್‌ಆನಿನ 4:11ರಲ್ಲಿ ಆಸ್ತಿಯ ಪಾಲು ಹೇಳುವಾಗಲೂ ಉಯಿಲು ಮತ್ತು ಸಾಲ ತೀರಿದ ನಂತರ ಎಂಬ ಷರತ್ತು ಉಂಟು. ಮಾಸ್ತರರೇ, ಆ ದುಡ್ಡು ನಿಮ್ಮ ತಂದೆಯವರ ಎಲ್ಲ ವಾರಸುದಾರರದ್ದು. ಅಕ್ಕ ತಂಗಿಯರಿದ್ದರೆ ಅವರಿಗೂ ತಿಳಿಸಿ. ಮಾಫ್ ಮಾಡುವುದಾದರೂ ಎಲ್ಲರೂ ಸೇರಿಯೇ ಮಾಡಬೇಕು, ಆಗ ನಿಮ್ಮ ಗೆಳೆಯರ ಹೊರೆ ಪೂರ್ತಿ ಇಳಿಯುತ್ತದೆ.